ಸೋಲಾರ್ ಸೆಲ್ ಕೆಲಸ ಮಾಡುವುದು ಹೇಗೆ: ಪುಟ್ಟ ಪ್ಯಾನೆಲ್‌ನಿಂದ ತಾರಸಿಯವರೆಗೆ

ಸೋಲಾರ್ ಹಾಕಿಸಬೇಕು ಎಂದು ಹೊರಟವರು ಕೇಳುವ ಮೊದಲ ಪ್ರಶ್ನೆ, ‘ನಮ್ಮನೆಗೆ ಎಷ್ಟು ಕಿಲೋವ್ಯಾಟ್ ಬೇಕು?’ ಕೇಳಲೇಬೇಕಾದ ಪ್ರಶ್ನೆ, ನಿಜ. ಆದರೆ ಅದಕ್ಕೂ ಮೊದಲು ಇನ್ನೊಂದಿದೆ. ಸೆಲ್‌ಗಳನ್ನು ಜೋಡಿಸಿ ಮಾಡಿದ ಆ ನೀಲಿ ಹಲಗೆಯೊಳಗೆ, ಅಂದರೆ ಪ್ಯಾನೆಲ್‌ನೊಳಗೆ, ನಡೆಯುವುದಾದರೂ ಏನು? ಇಷ್ಟು ತಿಳಿದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ನೀವೇ ಉತ್ತರ ಹೇಳಿಕೊಳ್ಳಬಹುದು. ಸಣ್ಣ ನೆರಳು ಯಾಕೆ ದೊಡ್ಡ ನಷ್ಟ ತರುತ್ತದೆ, ಸುಡುವ ಸೆಖೆಯಲ್ಲಿ ಕರೆಂಟ್ ಯಾಕೆ ಸ್ವಲ್ಪ ಕಡಿಮೆ ಬರುತ್ತದೆ, ಪ್ಯಾನೆಲ್ ಅಡಿಯಲ್ಲಿ ಗಾಳಿಗೆ ಜಾಗ ಯಾಕೆ ಬಿಡಬೇಕು, ವೈರಿಂಗ್‌ನಲ್ಲಿ ಯಾಕೆ ಅಷ್ಟು ಎಚ್ಚರ ಬೇಕು, ಎಲ್ಲವೂ ಆ ತೆಳುವಾದ ಸೆಲ್‌ನಿಂದಲೇ ಹುಟ್ಟುವ ಮಾತುಗಳು.

ಅದಕ್ಕೇ ಈ ಲೇಖನದಲ್ಲಿ ಮೊದಲು ಸೆಲ್, ಆಮೇಲೆ ಕೈಯಾರೆ ಮಾಡಿ ನೋಡುವ ನಾಲ್ಕೈದು ಪರೀಕ್ಷೆ, ಆಮೇಲೆ ತಾರಸಿ. ಅವಸರ ಇದ್ದವರು ನಡುವಿನದ್ದನ್ನು ಬಿಟ್ಟು ಮುಂದೆ ಹೋಗಬಹುದು. ಆದರೆ ಆ ಪರೀಕ್ಷೆಗಳನ್ನು ಮಾಡಿಯೇ ಮುಂದೆ ಹೋಗಿ ಎಂದು ನಾನು ಹೇಳುತ್ತೇನೆ. ಅದರಲ್ಲೂ ಮನೆಯಲ್ಲಿ ಮಕ್ಕಳಿದ್ದರೆ ಬಿಡಲೇಬೇಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸ್ನಾನಕ್ಕೆ ನೀರು ಕಾಯಿಸುವ ಸೋಲಾರ್ ಹೀಟರ್ ಬೇರೆ, ಇದು ಬೇರೆ. ಹೀಟರ್‌ಗೆ ಬೇಕಾದದ್ದು ಸೂರ್ಯನ ಶಾಖ. ಸೋಲಾರ್ ಸೆಲ್‌ಗೆ ಬೇಕಾದದ್ದು ಬೆಳಕು. ಶಾಖ ಅದಕ್ಕೆ ಇಷ್ಟವಿಲ್ಲ.

ಹೆಜ್ಜೆ 1: ಸೆಲ್ ಒಳಗೆ ನಡೆಯುವುದನ್ನು ಅರ್ಥ ಮಾಡಿಕೊಳ್ಳಿ

ಇವತ್ತು ಮಾರಾಟವಾಗುವ ಪ್ಯಾನೆಲ್‌ಗಳಲ್ಲಿ ಬಹುಪಾಲು ಸಿಲಿಕಾನ್‌ನಿಂದ ಮಾಡಿದವು. ಮರಳಿನಲ್ಲೂ ಬೆಣಚುಕಲ್ಲಿನಲ್ಲೂ ಆಮ್ಲಜನಕದ ಜೊತೆ ಸೇರಿಕೊಂಡಿರುವ ಧಾತು ಅದು. ತುಂಬಾ ಶುದ್ಧ ಮಾಡಿ, ಕರಗಿಸಿ, ಹರಳಾಗಿ ಬೆಳೆಸಿ, ಬಿಲ್ಲೆಗಳಾಗಿ ಕೊಯ್ಯುತ್ತಾರೆ. ಒಂದು ಬಿಲ್ಲೆಯ ದಪ್ಪ ಮಿಲಿಮೀಟರ್‌ನ ಐದನೇ ಒಂದು ಭಾಗಕ್ಕಿಂತಲೂ ಕಡಿಮೆ.

ಸಿಲಿಕಾನ್ ಪರಮಾಣುವಿನ ಹೊರಸುತ್ತಿನಲ್ಲಿ ನಾಲ್ಕು ಎಲೆಕ್ಟ್ರಾನ್‌ಗಳಿರುತ್ತವೆ. ನಾಲ್ಕೂ ಅಕ್ಕಪಕ್ಕದ ಪರಮಾಣುಗಳ ಜೊತೆ ಕೈ ಹಿಡಿದುಕೊಂಡಿರುತ್ತವೆ. ಹಾಗಾಗಿ ಅಲೆದಾಡಲು ಬಿಡುವಾದ ಎಲೆಕ್ಟ್ರಾನ್‌ಗಳು ಶುದ್ಧ ಸಿಲಿಕಾನ್‌ನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಈಗ ಬೆಳಕು ಬಿತ್ತು ಎಂದುಕೊಳ್ಳಿ. ಬೆಳಕು ಬರುವುದು ಫೋಟಾನ್ ಎಂಬ ಶಕ್ತಿಯ ಕಣಗಳಾಗಿ. ಸಾಕಷ್ಟು ಶಕ್ತಿಯಿರುವ ಒಂದು ಫೋಟಾನ್ ಬಂದು ಬಡಿದರೆ ಒಂದು ಎಲೆಕ್ಟ್ರಾನ್ ಕಟ್ಟು ಬಿಡಿಸಿಕೊಂಡು ಹೊರಬರುತ್ತದೆ. ಅದು ಇದ್ದ ಕಡೆ ಒಂದು ಖಾಲಿ ಜಾಗ ಉಳಿಯುತ್ತದೆ. ಇಷ್ಟೇ ಆದರೆ ಪ್ರಯೋಜನವಿಲ್ಲ. ಬಿಡುಗಡೆಯಾದ ಎಲೆಕ್ಟ್ರಾನ್ ಅಲ್ಲಿ ಇಲ್ಲಿ ಸುತ್ತಿ ಯಾವುದೋ ಖಾಲಿ ಜಾಗಕ್ಕೆ ಮರಳಿ ಬಿದ್ದುಹೋಗುತ್ತದೆ. ಸಿಕ್ಕ ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ.

ಸೆಲ್‌ನ ನಿಜವಾದ ಜಾಣ್ಮೆ ಇರುವುದು ಇಲ್ಲಿಂದ ಮುಂದೆ. ಬಿಲ್ಲೆಯ ಒಂದು ಬದಿಗೆ ಚೂರೇ ಚೂರು ರಂಜಕ ಸೇರಿಸುತ್ತಾರೆ. ರಂಜಕದ ಹೊರಸುತ್ತಿನಲ್ಲಿ ಐದು ಎಲೆಕ್ಟ್ರಾನ್. ನಾಲ್ಕು ಕೈ ಹಿಡಿದ ಮೇಲೂ ಒಂದು ಮಿಗುತ್ತದೆ. ಇನ್ನೊಂದು ಬದಿಗೆ ಬೋರಾನ್ ಸೇರಿಸುತ್ತಾರೆ. ಅದಕ್ಕೆ ಇರುವುದು ಮೂರೇ. ಅಲ್ಲಿ ಒಂದು ಜಾಗ ಖಾಲಿ. ಈ ಎರಡು ಪದರಗಳು ಕೂಡುವ ಗಡಿಯಲ್ಲಿ ಮಿಕ್ಕ ಎಲೆಕ್ಟ್ರಾನ್‌ಗಳು ದಾಟಿ ಹೋಗಿ ಖಾಲಿ ಜಾಗ ತುಂಬುತ್ತವೆ. ದಾಟಿ ಹೋದ ಕಡೆ ಋಣ, ಬಿಟ್ಟು ಬಂದ ಕಡೆ ಧನ. ಹೀಗೆ ಗಡಿಯಲ್ಲಿ ಒಂದು ವಿದ್ಯುತ್ ಕ್ಷೇತ್ರ ತಾನಾಗಿ ನಿಂತುಬಿಡುತ್ತದೆ. ಕತ್ತಲಲ್ಲೂ ಅದು ಅಲ್ಲೇ ಇರುತ್ತದೆ.

ಈಗ ಬೆಳಕು ಬಿದ್ದು ಎಲೆಕ್ಟ್ರಾನ್ ಬಿಡುಗಡೆಯಾದರೆ ಅದು ಸುಮ್ನೆ ಅಲೆದಾಡುವುದಿಲ್ಲ. ಗಡಿಯ ಹತ್ತಿರ ಬಂದ ಕೂಡಲೇ ಕ್ಷೇತ್ರ ಅದನ್ನು ರಂಜಕದ ಬದಿಗೆ ತಳ್ಳುತ್ತದೆ. ಖಾಲಿ ಜಾಗ ಬೋರಾನ್ ಬದಿಗೆ ಸರಿಯುತ್ತದೆ. ಮರಳಿ ಬರಲು ಒಳಗಿನಿಂದ ದಾರಿ ಸುಲಭವಿಲ್ಲ. ಎರಡು ಬದಿಗೂ ವೈರ್ ಜೋಡಿಸಿ ನಡುವೆ ಬಲ್ಬ್ ಇಟ್ಟರೆ, ಎಲೆಕ್ಟ್ರಾನ್ ಆ ವೈರ್ ಹಿಡಿದು ಬಲ್ಬ್ ಬೆಳಗಿಸಿ ಇನ್ನೊಂದು ಬದಿಗೆ ತಲುಪುತ್ತದೆ. ಆಮೇಲೆ ಮತ್ತೆ ಬೆಳಕು, ಮತ್ತೆ ಅದೇ ಸುತ್ತು. ಇಲ್ಲಿ ಏನೂ ಉರಿಯುವುದಿಲ್ಲ, ಏನೂ ಖರ್ಚಾಗುವುದಿಲ್ಲ, ಯಾವ ಭಾಗವೂ ತಿರುಗುವುದಿಲ್ಲ. ನನಗೆ ಇದು ಎಷ್ಟು ಸಲ ಯೋಚಿಸಿದರೂ ಖುಷಿ ಕೊಡುವ ಸಂಗತಿ.

ಹಾಗಾದರೆ ಬಿದ್ದ ಬೆಳಕೆಲ್ಲ ಕರೆಂಟ್ ಆಗಬೇಕಲ್ಲ? ಆಗುವುದಿಲ್ಲ. ಸಿಲಿಕಾನ್‌ನಿಂದ ಎಲೆಕ್ಟ್ರಾನ್ ಬಿಡಿಸಲು ಇಂತಿಷ್ಟು ಶಕ್ತಿ ಬೇಕೇ ಬೇಕು. ಸುಮಾರು 1100 ನ್ಯಾನೋಮೀಟರ್‌ಗಿಂತ ಉದ್ದ ಅಲೆಯ ಅವಗೆಂಪು ಬೆಳಕಿಗೆ ಅಷ್ಟು ಶಕ್ತಿಯಿಲ್ಲ. ಅದು ಕೆಲಸಕ್ಕೆ ಬಾರದೆ ಹೋಗುತ್ತದೆ. ನೀಲಿ ಬೆಳಕಿಗೆ ಬೇಕಾದ್ದಕ್ಕಿಂತ ಜಾಸ್ತಿ ಶಕ್ತಿಯಿದೆ. ಆದರೆ ಒಂದು ಫೋಟಾನ್ ಬಿಡಿಸುವುದು ಒಂದೇ ಎಲೆಕ್ಟ್ರಾನ್. ಮಿಕ್ಕದ್ದು ಬಿಸಿಯಾಗುತ್ತದೆ. ಶಾಕ್ಲಿ ಮತ್ತು ಕ್ವೈಸರ್ ಎಂಬ ವಿಜ್ಞಾನಿಗಳು 1961ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಇಂಥ ಒಂದೇ ಗಡಿಯ ಸೆಲ್ ಎಷ್ಟೇ ಚೆನ್ನಾಗಿದ್ದರೂ ಬೆಳಕಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚನ್ನು ಕರೆಂಟ್ ಮಾಡಲಾಗದು. ಇಂದಿನ ಒಳ್ಳೆಯ ಪ್ಯಾನೆಲ್‌ಗಳು 20ರಿಂದ 23 ಶೇಕಡಾ ಮುಟ್ಟುತ್ತವೆ. ಯಾರಾದರೂ ಮನೆ ಬಳಕೆಯ ಸಿಲಿಕಾನ್ ಪ್ಯಾನೆಲ್‌ಗೆ 40 ಶೇಕಡಾ ದಕ್ಷತೆ ಎಂದರೆ ನಂಬಬೇಡಿ.

ಇಲ್ಲಿಗೆ ಬರಲು ಹಿಡಿದ ಕಾಲವೂ ಕಡಿಮೆಯಲ್ಲ. ಬೆಳಕಿನಿಂದ ನೇರವಾಗಿ ವಿದ್ಯುತ್ ಹುಟ್ಟುವುದನ್ನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್ 1839ರಲ್ಲಿ ಕಂಡಾಗ ಅವನಿಗೆ 19 ವರ್ಷ. 1883ರಲ್ಲಿ ಅಮೆರಿಕದ ಚಾರ್ಲ್ಸ್ ಫ್ರಿಟ್ಸ್ ಸೆಲೆನಿಯಂ ಮೇಲೆ ತೆಳು ಚಿನ್ನ ಹಚ್ಚಿ ಮಾಡಿದ ಸೆಲ್‌ನ ದಕ್ಷತೆ ಸುಮಾರು 1 ಶೇಕಡಾ. ಕೆಲಸಕ್ಕೆ ಬರುವ ಸಿಲಿಕಾನ್ ಸೆಲ್ ಬಂದದ್ದು 1954ರಲ್ಲಿ. ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನ ಚಾಪಿನ್, ಫುಲ್ಲರ್, ಪಿಯರ್ಸನ್ ಅದನ್ನು ಮಾಡಿದರು. ದಕ್ಷತೆ 6 ಶೇಕಡಾ ಆಸುಪಾಸು. ನಾಲ್ಕೇ ವರ್ಷದಲ್ಲಿ ಅಂಥ ಸೆಲ್‌ಗಳು ವ್ಯಾನ್‌ಗಾರ್ಡ್ 1 ಉಪಗ್ರಹದ ಜೊತೆ ಬಾಹ್ಯಾಕಾಶಕ್ಕೆ ಹೋದವು. ಬ್ಯಾಟರಿ ಮುಗಿದ ಮೇಲೂ ಆ ಸೆಲ್‌ಗಳಿಂದಲೇ ಅದರ ರೇಡಿಯೋ 1964ರವರೆಗೆ ಸದ್ದು ಮಾಡುತ್ತಿತ್ತು.

ಹೆಜ್ಜೆ 2: ಒಂದು ಪುಟ್ಟ ಪ್ಯಾನೆಲ್ ತಂದು ಅಳೆದು ನೋಡಿ

ಬೇಕಾದದ್ದು ಎರಡೇ ವಸ್ತು. 12 ವೋಲ್ಟ್ ಎಂದು ಬರೆದಿರುವ 10 ವ್ಯಾಟ್‌ನ ಒಂದು ಪ್ಯಾನೆಲ್, ಮತ್ತು ವೋಲ್ಟ್, ಆಂಪಿಯರ್ ಅಳೆಯುವ ಒಂದು ಸಾಧಾರಣ ಮಲ್ಟಿಮೀಟರ್. ಈ ಪ್ಯಾನೆಲ್‌ನ ವೋಲ್ಟೇಜ್ ತುಂಬಾ ಕಡಿಮೆ, ಶಾಕ್ ಹೊಡೆಯುವ ಭಯವಿಲ್ಲ. ಆದರೆ ಇಲ್ಲಿ ಹೇಳುವ ಯಾವ ಪರೀಕ್ಷೆಯನ್ನೂ ಬ್ಯಾಟರಿ, ಮನೆಯ ಪ್ಲಗ್ ಅಥವಾ ತಾರಸಿಯ ದೊಡ್ಡ ಪ್ಯಾನೆಲ್‌ಗಳ ಮೇಲೆ ಮಾಡಬೇಡಿ.

ಮೊದಲು ಬಿಸಿಲಲ್ಲಿ ವೋಲ್ಟೇಜ್ ಅಳೆಯಿರಿ. ಮೀಟರನ್ನು ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ವೋಲ್ಟ್‌ಗೆ ತಿರುಗಿಸಿ ಪ್ಯಾನೆಲ್‌ನ ಎರಡು ವೈರ್‌ಗೆ ಹಿಡಿಯಿರಿ. 12 ಅಲ್ಲ, 21 ವೋಲ್ಟ್ ಆಸುಪಾಸು ತೋರಿಸುತ್ತದೆ. ಮೀಟರ್ ಕೆಟ್ಟಿಲ್ಲ, ಪ್ಯಾನೆಲ್ ಸರಿಯಾಗಿಯೇ ಇದೆ. ಪ್ಯಾನೆಲ್ ಮೇಲಿನ ಸೆಲ್‌ಗಳನ್ನು ಎಣಿಸಿ. ಸಾಮಾನ್ಯವಾಗಿ 36 ಇರುತ್ತವೆ. ಒಂದೊಂದು ಸೆಲ್ ಕೊಡುವುದು 0.6 ವೋಲ್ಟ್ ಆಸುಪಾಸು. 36ರಿಂದ ಗುಣಿಸಿ ನೋಡಿ, ಲೆಕ್ಕ ಸರಿಹೋಗುತ್ತದೆ. ಸೆಲ್ ದೊಡ್ಡದಿರಲಿ ಚಿಕ್ಕದಿರಲಿ, ವೋಲ್ಟೇಜ್ ಅಷ್ಟೇ. ಅಗಲ ಹೆಚ್ಚಾದರೆ ಹೆಚ್ಚುವುದು ಆಂಪಿಯರ್, ಅಂದರೆ ಹರಿಯುವ ಕರೆಂಟ್‌ನ ಪ್ರಮಾಣ. ಇನ್ನು 12 ವೋಲ್ಟ್ ಎಂಬ ಬರಹ ಅದು 12 ವೋಲ್ಟ್ ಬ್ಯಾಟರಿ ಚಾರ್ಜ್ ಮಾಡಲು ತಕ್ಕದ್ದು ಎಂದು ಹೇಳುತ್ತದೆ, ಅಷ್ಟೇ.

ಎರಡನೆಯದು ಆಂಪಿಯರ್. ಮೀಟರ್‌ನ ಕೆಂಪು ವೈರನ್ನು 10 ಆಂಪಿಯರ್ ತೂತಿಗೆ ಹಾಕಿ, ಡಿಸಿ ಆಂಪಿಯರ್‌ಗೆ ತಿರುಗಿಸಿ, ಪ್ಯಾನೆಲ್‌ನ ಎರಡು ವೈರ್‌ಗೆ ಹಿಡಿಯಿರಿ. ಇದು ಶಾರ್ಟ್ ಸರ್ಕ್ಯೂಟ್ ಮಾಡಿದ ಹಾಗೆಯೇ. ಆದರೂ ಏನೂ ಆಗುವುದಿಲ್ಲ. ಎಷ್ಟು ಬೆಳಕು ಬಿದ್ದಿದೆಯೋ ಅಷ್ಟೇ ಎಲೆಕ್ಟ್ರಾನ್ ಹೊರಬರುವುದು. ಅದಕ್ಕಿಂತ ಹೆಚ್ಚು ಕೊಡಲು ಸೆಲ್‌ಗೆ ಆಗುವುದಿಲ್ಲ. ಒಳ್ಳೆ ಬಿಸಿಲಿದ್ದರೆ 0.6 ಆಂಪಿಯರ್ ಹತ್ತಿರ ಕಾಣುತ್ತದೆ. ಅಳೆದು ಮುಗಿದ ಮೇಲೆ ಕೆಂಪು ವೈರನ್ನು ವೋಲ್ಟ್ ತೂತಿಗೆ ಮರಳಿ ಹಾಕಿಬಿಡಿ. ಮರೆತು ಅದೇ ಮೀಟರನ್ನು ಬ್ಯಾಟರಿಗೋ ಪ್ಲಗ್‌ಗೋ ಹಿಡಿದರೆ ಅಪಾಯ.

ಈಗ ಪ್ಯಾನೆಲನ್ನು ನೆರಳಿಗೆ, ಕಿಟಕಿಯ ಪಕ್ಕಕ್ಕೆ ತನ್ನಿ. ವೋಲ್ಟೇಜ್ ಸ್ವಲ್ಪ ಇಳಿದಿರುತ್ತದೆ, ಅಷ್ಟೇ. ಆಂಪಿಯರ್ ಮಾತ್ರ ನೆಲ ಕಚ್ಚಿರುತ್ತದೆ. ಈ ಒಂದು ಪರೀಕ್ಷೆ ನಿಮ್ಮನ್ನು ಮುಂದೆ ತುಂಬಾ ಸಲ ಕಾಪಾಡುತ್ತದೆ. ‘ವೋಲ್ಟೇಜ್ ಬರ್ತಾ ಇದೆ, ಪ್ಯಾನೆಲ್ ಚೆನ್ನಾಗಿಯೇ ಇದೆ’ ಎಂದು ಯಾರಾದರೂ ಹೇಳಿದರೆ ಅಷ್ಟಕ್ಕೇ ಒಪ್ಪಬೇಡಿ. ಪ್ಯಾನೆಲ್‌ನ ಕೆಲಸ ಗೊತ್ತಾಗುವುದು ಆಂಪಿಯರ್‌ನಲ್ಲಿ.

ಮೂರನೆಯದು ಓರೆ. ಪ್ಯಾನೆಲ್ ಸೂರ್ಯನಿಗೆ ನೇರ ಮುಖ ಮಾಡಿದ್ದಾಗ ಆಂಪಿಯರ್ ಬರೆದುಕೊಳ್ಳಿ. ಆಮೇಲೆ ನಿಧಾನವಾಗಿ ಓರೆ ಮಾಡುತ್ತಾ ಹೋಗಿ. 30 ಡಿಗ್ರಿ ಓರೆಯಾದಾಗ ಕಳೆದುಕೊಂಡದ್ದು ಎಂಟನೇ ಒಂದು ಭಾಗದಷ್ಟು. 60 ಡಿಗ್ರಿಯಾದರೆ ಅರ್ಧಕ್ಕರ್ಧ ಹೋಗುತ್ತದೆ. ಅಂದರೆ ಸ್ವಲ್ಪ ದಿಕ್ಕು ತಪ್ಪಿದರೆ ದೊಡ್ಡ ನಷ್ಟವಿಲ್ಲ. ತುಂಬಾ ತಪ್ಪಿದರೆ ಇದೆ.

ನಾಲ್ಕನೆಯದು ಬಿಸಿ. ತಣ್ಣಗಿದ್ದ ಪ್ಯಾನೆಲನ್ನು ಬಿಸಿಲಿಗೆ ತಂದ ಕೂಡಲೇ ವೋಲ್ಟೇಜ್ ಅಳೆಯಿರಿ. ಅರ್ಧ ಗಂಟೆ ಅಲ್ಲೇ ಬಿಟ್ಟು, ಮುಟ್ಟಿದರೆ ಸುಡುವಂತಾದ ಮೇಲೆ ಮತ್ತೆ ಅಳೆಯಿರಿ. 25 ಡಿಗ್ರಿ ಬಿಸಿ ಏರಿದ್ದರೆ ಒಂದೂವರೆ ವೋಲ್ಟ್‌ನಷ್ಟು ಇಳಿದಿರುತ್ತದೆ. ಬಿಸಿಯಾದ ಸಿಲಿಕಾನ್‌ನಲ್ಲಿ ಬಿಡಿ ಎಲೆಕ್ಟ್ರಾನ್‌ಗಳು ತಾವಾಗಿಯೇ ಹೆಚ್ಚಾಗುತ್ತವೆ. ಅದರಿಂದ ಗಡಿ ದಾಟಿ ಹಿಂದಕ್ಕೆ ಸೋರುವುದೂ ಹೆಚ್ಚುತ್ತದೆ, ವೋಲ್ಟೇಜ್ ತಗ್ಗುತ್ತದೆ. ಪ್ಯಾನೆಲ್‌ನ ಒಟ್ಟು ಶಕ್ತಿಯ ಲೆಕ್ಕದಲ್ಲಿ ಹೇಳುವುದಾದರೆ, ಪ್ರತಿ ಡಿಗ್ರಿಗೆ 0.3ರಿಂದ 0.4 ಶೇಕಡಾ ಕಡಿಮೆ. ಹಾಗಾಗಿ ಬೆಳಕು ಚೆನ್ನಾಗಿದ್ದು ಹವೆ ತಂಪಾಗಿರುವ ದಿನವೇ ಸೋಲಾರ್‌ಗೆ ಹಬ್ಬ.

ಕೊನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ನೆರಳು. ಮೀಟರ್ ಆಂಪಿಯರ್ ತೋರಿಸುತ್ತಿರುವಾಗ ಒಂದೇ ಒಂದು ಸೆಲ್ ಪೂರ್ತಿ ಮುಚ್ಚುವಂತೆ ರಟ್ಟಿನ ತುಂಡು ಇಡಿ. 36ರಲ್ಲಿ ಒಂದು ತಾನೇ, ಹೋದರೆ 3 ಶೇಕಡಾ ಹೋಗಬಹುದು ಅನಿಸುತ್ತದೆ ಅಲ್ವಾ? ಮೀಟರ್ ನೋಡಿ. ಬಹುಪಾಲು ಆಂಪಿಯರ್ ಬಿದ್ದುಹೋಗಿರುತ್ತದೆ. ಸೆಲ್‌ಗಳೆಲ್ಲ ಒಂದರ ಹಿಂದೆ ಒಂದು ಸಾಲಾಗಿ ಜೋಡಣೆಯಾಗಿವೆ. ಉದ್ದ ನೀರಿನ ಪೈಪನ್ನು ಒಂದು ಕಡೆ ತುಳಿದರೆ ಇಡೀ ಪೈಪಿನಲ್ಲಿ ನೀರು ನಿಲ್ಲುತ್ತದಲ್ಲ, ಹಾಗೆ. ಇಷ್ಟೇ ಅಲ್ಲ, ಉಳಿದ ಸೆಲ್‌ಗಳು ತಳ್ಳುವ ಕರೆಂಟ್ ಆ ಕತ್ತಲ ಸೆಲ್‌ನಲ್ಲಿ ಬಿಸಿಯಾಗಿ ಇಳಿಯುತ್ತದೆ. ದೊಡ್ಡ ಪ್ಯಾನೆಲ್‌ನಲ್ಲಿ ಇದು ಸೆಲ್ ಸುಡುವ ಮಟ್ಟಕ್ಕೂ ಹೋಗಬಹುದು. ಅದನ್ನು ತಪ್ಪಿಸಲು ಪ್ಯಾನೆಲ್ ಹಿಂದಿನ ಡಬ್ಬಿಯಲ್ಲಿ ಬೈಪಾಸ್ ಡಯೋಡ್ ಇಟ್ಟಿರುತ್ತಾರೆ. ಮನೆ ಬಳಕೆಯ ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ ಮೂರು. ನೆರಳು ಬಿದ್ದ ಗುಂಪನ್ನು ಬಿಟ್ಟು ಕರೆಂಟ್ ಪಕ್ಕದಿಂದ ಹೋಗಲು ಅವು ದಾರಿ ಕೊಡುತ್ತವೆ. ನಿಮ್ಮ ಪುಟ್ಟ ಪ್ಯಾನೆಲ್‌ನಲ್ಲಿ ಆಂಪಿಯರ್ ಬೀಳದೇ ಹೋದರೆ ಅದರಲ್ಲೂ ಅಂಥ ಡಯೋಡ್ ಇದೆ ಎಂದು ತಿಳಿಯಿರಿ. ಆಗ ಎರಡು ಅರ್ಧಗಳಲ್ಲೂ ಒಂದೊಂದು ಸೆಲ್ ಮುಚ್ಚಿ ನೋಡಿ. ಆದರೆ ಸೆಲ್ ಸುಡದ ಹಾಗೆ ರಟ್ಟನ್ನು ಬೇಗ ತೆಗೆದುಬಿಡಿ.

ಇಷ್ಟೆಲ್ಲ ಯಾಕೆ ಬೇಕು, ಲಾಭವೇನು?

ಮೊದಲ ಲಾಭ ಮನೆಯದ್ದು. ಒಮ್ಮೆ ಹಾಕಿದ ಪ್ಯಾನೆಲ್ 25 ವರ್ಷ ಮತ್ತು ಅದಕ್ಕಿಂತ ಹೆಚ್ಚು ಕಾಲ ದುಡಿಯುತ್ತದೆ. ವರ್ಷಕ್ಕೆ ಅರ್ಧ ಶೇಕಡಾ ಆಸುಪಾಸು ಮಾತ್ರ ಸೊರಗುತ್ತದೆ. ತಿರುಗುವ ಭಾಗವಿಲ್ಲದ ಕಾರಣ ಸವೆತವಿಲ್ಲ, ಸದ್ದಿಲ್ಲ. ಕರೆಂಟ್ ಹುಟ್ಟುವ ಜಾಗದಲ್ಲೇ ಬಳಕೆಯಾಗುವುದರಿಂದ ದೂರದ ತಂತಿಗಳಲ್ಲಿ ಆಗುವ ಸೋರಿಕೆಯೂ ಉಳಿಯುತ್ತದೆ. ತಂತಿಯೇ ತಲುಪದ ಕಡೆ ಒಂದು ಪ್ಯಾನೆಲ್, ಒಂದು ಬ್ಯಾಟರಿ ಸೇರಿದರೆ ರಾತ್ರಿ ಓದಲು ಬೆಳಕು, ಲಸಿಕೆ ಕೆಡದಂತೆ ಇಡಲು ಫ್ರಿಜ್, ಬಾವಿಯಿಂದ ನೀರೆತ್ತುವ ಪಂಪ್ ಎಲ್ಲವೂ ಸಾಧ್ಯ. ನನ್ನ ಮಟ್ಟಿಗೆ ಸೋಲಾರ್‌ನ ಅತಿ ದೊಡ್ಡ ಉಪಕಾರ ಇದೇ.

ಎರಡನೆಯದು ಎಲ್ಲರದ್ದು. ಕಲ್ಲಿದ್ದಲಿನಿಂದ ಒಂದು ಯುನಿಟ್ (ಒಂದು ಕಿಲೋವ್ಯಾಟ್-ಗಂಟೆ) ಕರೆಂಟ್ ಮಾಡಿದರೆ 800 ಗ್ರಾಂಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಸೋಲಾರ್‌ನಲ್ಲಿ, ಪ್ಯಾನೆಲ್ ತಯಾರಿಯಲ್ಲಿ ಆಗುವ ಹೊಗೆಯನ್ನೂ ಸೇರಿಸಿ, ಸುಮಾರು 40 ಗ್ರಾಂ. ‘ಪ್ಯಾನೆಲ್ ಮಾಡಲು ಹಿಡಿಯುವ ಶಕ್ತಿಯನ್ನೇ ಅದು ಮರಳಿ ಕೊಡುವುದಿಲ್ಲ’ ಎಂಬ ಮಾತು ಇನ್ನೂ ಓಡಾಡುತ್ತಿದೆ. ಅದು ಸುಳ್ಳು. ಜಾಗ ಮತ್ತು ಪ್ಯಾನೆಲ್ ನೋಡಿಕೊಂಡು ಒಂದರಿಂದ ಮೂರು ವರ್ಷದೊಳಗೆ ಆ ಶಕ್ತಿಯನ್ನು ತೀರಿಸಿಬಿಡುತ್ತದೆ. ಉಳಿದ ಇಪ್ಪತ್ತು ಚಿಲ್ಲರೆ ವರ್ಷ ಕೊಡುವುದೆಲ್ಲ ಹೊಸದು. ಶಾಖದಿಂದ ನಡೆಯುವ ವಿದ್ಯುತ್ ಸ್ಥಾವರಗಳಿಗೆ ತಂಪು ಮಾಡಲು ಬೇಕಾಗುವಷ್ಟು ನೀರೂ ಇದಕ್ಕೆ ಬೇಡ. ತೊಳೆಯಲು ಬೇಕಾದಷ್ಟು ಸಾಕು.

ಇನ್ನು ಬೆಳಕಿನ ಲೆಕ್ಕ. ಮನುಷ್ಯರೆಲ್ಲ ಸೇರಿ ಒಂದು ವರ್ಷದಲ್ಲಿ ಬಳಸುವಷ್ಟು ಶಕ್ತಿ ಭೂಮಿಯ ಮೇಲ್ಮೈಗೆ ಸುಮಾರು ಎರಡು ಗಂಟೆಯ ಬಿಸಿಲಿನಲ್ಲಿ ಬಂದು ಬೀಳುತ್ತದೆ. 2010ರಿಂದ 2020ರ ನಡುವೆ ಪ್ಯಾನೆಲ್‌ಗಳ ಬೆಲೆ 90 ಶೇಕಡಾ ಆಸುಪಾಸು ಇಳಿಯಿತು. 2022ರಲ್ಲಿ ಜಗತ್ತಿನಾದ್ಯಂತ ಇರುವ ಸೋಲಾರ್ ಸಾಮರ್ಥ್ಯ 1 ಟೆರಾವ್ಯಾಟ್ ದಾಟಿತು. ಅಂದರೆ ಹತ್ತು ಲಕ್ಷ ಮೆಗಾವ್ಯಾಟ್.

ಮಿತಿಗಳನ್ನೂ ಹೇಳಲೇಬೇಕು. ರಾತ್ರಿ ಏನೂ ಬರುವುದಿಲ್ಲ. ದಟ್ಟ ಮೋಡದ ದಿನ ನಾಲ್ಕನೇ ಒಂದು ಭಾಗವೋ ಅದಕ್ಕಿಂತ ಕಡಿಮೆಯೋ ಬರುತ್ತದೆ. ಮೊದಲ ಖರ್ಚು ಒಟ್ಟಿಗೆ ಬೀಳುತ್ತದೆ. ಇದನ್ನು ಮುಚ್ಚಿಟ್ಟು ಮಾರುವವರಿಂದಲೇ ಸೋಲಾರ್‌ಗೆ ಕೆಟ್ಟ ಹೆಸರು ಬರುವುದು.

ಹೆಜ್ಜೆ 3: ನಿಮಗೆ ಎಷ್ಟು ಬೇಕು ಎಂದು ಲೆಕ್ಕ ಹಾಕಿ

ಮೊದಲು ಖರ್ಚು ಇಳಿಸಿ, ಆಮೇಲೆ ಪ್ಯಾನೆಲ್ ಕೊಳ್ಳಿ. ಹಳೆಯ ಸೀಲಿಂಗ್ ಫ್ಯಾನ್ 70–80 ವ್ಯಾಟ್ ತಿನ್ನುತ್ತದೆ. ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರ್) ಫ್ಯಾನ್ ಅದೇ ಗಾಳಿಯನ್ನು 30 ವ್ಯಾಟ್ ಆಸುಪಾಸಿನಲ್ಲಿ ಕೊಡುತ್ತದೆ. ಹೀಗೆ ಉಳಿಸಿದ ಪ್ರತಿ ಯುನಿಟ್ ನೀವು ಕೊಳ್ಳಬೇಕಾದ ಪ್ಯಾನೆಲ್ ಮತ್ತು ಬ್ಯಾಟರಿಯನ್ನು ಚಿಕ್ಕದು ಮಾಡುತ್ತದೆ.

ಆಮೇಲೆ ಕನಿಷ್ಠ ಒಂದು ವರ್ಷದ ಬಿಲ್‌ಗಳನ್ನು ಹರಡಿಕೊಂಡು ದಿನಕ್ಕೆ ಸರಾಸರಿ ಎಷ್ಟು ಯುನಿಟ್ ಎಂದು ನೋಡಿ. ಒಂದು ತಿಂಗಳ ಬಿಲ್ ಸಾಲದು, ಸೆಖೆಗೂ ಚಳಿಗೂ ಬಳಕೆ ಬದಲಾಗುತ್ತದೆ. ದಿನಕ್ಕೆ 8 ಯುನಿಟ್ ಎಂದಿಟ್ಟುಕೊಳ್ಳಿ.

ಇನ್ನೊಂದು ಬೇಕಾದ ಅಂಕಿ ‘ಪೂರ್ಣ ಬಿಸಿಲಿನ ಗಂಟೆ’. ಬೆಳಗಿನಿಂದ ಸಂಜೆಯವರೆಗೆ ಏರಿಳಿಯುವ ಬೆಳಕನ್ನೆಲ್ಲ ಕೂಡಿ, ಚದರ ಮೀಟರ್‌ಗೆ 1000 ವ್ಯಾಟ್‌ನ ಗಟ್ಟಿ ಬಿಸಿಲು ಎಷ್ಟು ಗಂಟೆ ಬಿದ್ದಷ್ಟಾಯಿತು ಎಂಬ ಲೆಕ್ಕ ಅದು. ಹಗಲು 12 ಗಂಟೆ ಇದ್ದರೂ ಇದು ಒಳ್ಳೆ ಬಿಸಿಲಿನ ನಾಡುಗಳಲ್ಲಿ 4ರಿಂದ 6 ಇರುತ್ತದೆ. ನಿಮ್ಮ ಊರಿನ ಅಂಕಿಯನ್ನು ಸೌರ ನಕ್ಷೆಗಳಲ್ಲಿ ನೋಡಬಹುದು. ಇಲ್ಲಿ 5 ಎಂದುಕೊಳ್ಳೋಣ.

ಬಿಸಿ, ಧೂಳು, ವೈರ್, ಇನ್ವರ್ಟರ್ ಎಲ್ಲ ಸೇರಿ ಕಾಲು ಭಾಗ ಹೋಗುತ್ತದೆ ಎಂದು ಇಟ್ಟುಕೊಂಡರೆ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ 5 ಗುಣಿಸು 0.75, ಅಂದರೆ 3.75 ಯುನಿಟ್ ಕೊಡುತ್ತದೆ. 8 ಯುನಿಟ್‌ಗೆ 2.13 ಕಿಲೋವ್ಯಾಟ್ ಬೇಕು. 450 ವ್ಯಾಟ್‌ನ ಐದು ಪ್ಯಾನೆಲ್ ಹಾಕಿದರೆ 2.25 ಆಗುತ್ತದೆ, ಸಾಕು. ಒಂದೊಂದು ಪ್ಯಾನೆಲ್ ಎರಡು ಚದರ ಮೀಟರ್‌ಗಿಂತ ಸ್ವಲ್ಪ ದೊಡ್ಡದು. ಐದಕ್ಕೆ 11 ಚದರ ಮೀಟರ್, ಜೊತೆಗೆ ಓಡಾಡಲು ಜಾಗ.

ಪ್ಯಾನೆಲ್ ಹಿಂದಿನ ಚೀಟಿಯಲ್ಲಿರುವ 450 ವ್ಯಾಟ್ ಪ್ರಯೋಗಾಲಯದ ಅಂಕಿ. 1000 ವ್ಯಾಟ್ ಬೆಳಕು ಬಿದ್ದು, ಸೆಲ್ ಮಾತ್ರ 25 ಡಿಗ್ರಿಯಲ್ಲಿ ತಣ್ಣಗಿದ್ದಾಗ ಅಳೆದದ್ದು. ತಾರಸಿಯ ಮೇಲೆ ಸೆಲ್ ಹೊರಗಿನ ಗಾಳಿಗಿಂತ 20–30 ಡಿಗ್ರಿ ಜಾಸ್ತಿ ಬಿಸಿಯಿರುತ್ತದೆ. ಹಾಗಾಗಿ ನಡುಮಧ್ಯಾಹ್ನ 380 ವ್ಯಾಟ್ ಕಂಡರೆ ಮೋಸ ಹೋದೆ ಎಂದುಕೊಳ್ಳಬೇಡಿ.

ಹೆಜ್ಜೆ 4: ತಾರಸಿ ನೋಡಿ

ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 3. ಈ ಮೂರು ಹೊತ್ತಿಗೆ ತಾರಸಿಗೆ ಹೋಗಿ ನೆರಳು ಎಲ್ಲೆಲ್ಲಿ ಬೀಳುತ್ತದೆ ಎಂದು ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ನೀರಿನ ಟ್ಯಾಂಕ್, ಡಿಶ್, ಪಕ್ಕದ ಕಟ್ಟಡ, ಮರ, ಬಟ್ಟೆ ಒಣಗಿಸುವ ಕಂಬ, ಯಾವುದನ್ನೂ ಚಿಕ್ಕದು ಎಂದು ಬಿಡಬೇಡಿ. ಒಂದು ಸೆಲ್ ಮುಚ್ಚಿದಾಗ ಏನಾಯಿತು ಎಂದು ಈಗ ನಿಮಗೆ ಗೊತ್ತಲ್ಲ. ಚಳಿಗಾಲದಲ್ಲಿ ಸೂರ್ಯ ತಗ್ಗಿನಲ್ಲಿ ಸಾಗುವುದರಿಂದ ನೆರಳು ಉದ್ದವಾಗುತ್ತದೆ. ಇಂದು ಮೊಣಕಾಲೆತ್ತರ ಇರುವ ಗಿಡ ಹತ್ತು ವರ್ಷದಲ್ಲಿ ಮರವಾಗುತ್ತದೆ ಎಂಬುದನ್ನೂ ನೆನಪಿಡಿ. ನೆರಳು ತಪ್ಪಿಸಲು ಆಗದ ಜಾಗವಾದರೆ ಪ್ರತಿ ಪ್ಯಾನೆಲ್‌ಗೂ ಒಂದೊಂದು ಮೈಕ್ರೋಇನ್ವರ್ಟರ್ ಅಥವಾ ಆಪ್ಟಿಮೈಸರ್ ಹಾಕಿಸಬಹುದು. ಆಗ ಒಂದು ಪ್ಯಾನೆಲ್‌ನ ತೊಂದರೆ ಇನ್ನೊಂದಕ್ಕೆ ಹರಡುವುದಿಲ್ಲ. ಆದರೆ ನೆರಳಿಲ್ಲದ ಕಡೆ ಅದಕ್ಕೆ ಖರ್ಚು ಮಾಡಬೇಕಿಲ್ಲ.

ಮುಖ ಸಮಭಾಜಕ ವೃತ್ತದ ಕಡೆಗಿರಲಿ. ಉತ್ತರಾರ್ಧ ಗೋಳದಲ್ಲಿರುವವರಿಗೆ ದಕ್ಷಿಣ, ದಕ್ಷಿಣಾರ್ಧದವರಿಗೆ ಉತ್ತರ. ಓರೆ ನಿಮ್ಮ ಊರಿನ ಅಕ್ಷಾಂಶದ ಆಸುಪಾಸಿನಲ್ಲಿದ್ದರೆ ವರ್ಷದ ಲೆಕ್ಕಕ್ಕೆ ಸರಿ. ಸಮಭಾಜಕದ ಹತ್ತಿರದವರೂ 10 ಡಿಗ್ರಿಯಾದರೂ ಓರೆ ಇಡಬೇಕು, ಇಲ್ಲವಾದರೆ ಮಳೆ ನೀರು ನಿಂತು ಕೆಳ ಅಂಚಿನಲ್ಲಿ ಕೊಳೆ ಕಟ್ಟುತ್ತದೆ. ಪೂರ್ವ–ಪಶ್ಚಿಮಕ್ಕೆ ಇಳಿಜಾರು ಇರುವ ಮಾಡಾದರೂ ಬೇಸರ ಬೇಡ. ಒಟ್ಟು ಸ್ವಲ್ಪ ಕಡಿಮೆ ಬಂದರೂ ಬೆಳಿಗ್ಗೆ ಮತ್ತು ಸಂಜೆ, ಮನೆಯಲ್ಲಿ ಬಳಕೆ ಜಾಸ್ತಿ ಇರುವ ಹೊತ್ತಿಗೆ, ಕರೆಂಟ್ ಸಿಗುತ್ತದೆ.

ಪ್ಯಾನೆಲ್ ಮತ್ತು ಮಾಡಿನ ನಡುವೆ 10 ಸೆಂಟಿಮೀಟರ್‌ಗೆ ಕಡಿಮೆಯಿಲ್ಲದ ಸಂದು ಬಿಡಿ. ಗಾಳಿ ಆಡಿದರೆ ಸೆಲ್ ತಂಪಾಗಿರುತ್ತದೆ. ಇನ್ನು ಪ್ಯಾನೆಲ್‌ನ ಭಾರಕ್ಕಿಂತ ಗಾಳಿ ಅದನ್ನು ಮೇಲಕ್ಕೆ ಎತ್ತುವ ಬಲಕ್ಕೆ ಹೆಚ್ಚು ಹೆದರಬೇಕು. ಬಿರುಗಾಳಿ ಬೀಸುವ ಊರಾದರೆ ಚೌಕಟ್ಟಿನ ವಿಷಯದಲ್ಲಿ ಚೌಕಾಸಿ ಬೇಡ. ತಾರಸಿ ಕೊರೆಯುವುದಿದ್ದರೆ ನೀರು ಸೋರದಂತೆ ಹೇಗೆ ಮುಚ್ಚುತ್ತಾರೆ ಎಂದು ಮೊದಲೇ ಕೇಳಿ. ಮಾಡಿಗೆ ದುರಸ್ತಿ ಬೇಕಿದ್ದರೆ ಅದು ಮೊದಲು ಆಗಲಿ.

ಹೆಜ್ಜೆ 5: ಗ್ರಿಡ್ ಜೊತೆಗೋ, ಬ್ಯಾಟರಿ ಜೊತೆಗೋ?

ಸೆಲ್ ಕೊಡುವುದು ಡಿಸಿ. ಮನೆಗೆ ಬೇಕಾದದ್ದು ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್. ಇನ್ವರ್ಟರ್ ಅದನ್ನು ಬದಲಿಸುತ್ತದೆ. ಜೊತೆಗೆ ಬೆಳಕು, ಬಿಸಿ ಬದಲಾದ ಹಾಗೆ ಯಾವ ವೋಲ್ಟೇಜ್‌ನಲ್ಲಿ ಪ್ಯಾನೆಲ್‌ನಿಂದ ಅತಿ ಹೆಚ್ಚು ಶಕ್ತಿ ಸಿಗುತ್ತದೆ ಎಂದು ಸತತವಾಗಿ ಹುಡುಕುತ್ತಲೂ ಇರುತ್ತದೆ. ಇದಕ್ಕೆ ಎಂಪಿಪಿಟಿ ಎನ್ನುತ್ತಾರೆ.

ಕರೆಂಟ್ ಹೋಗುವುದೇ ಅಪರೂಪ ಎಂಬ ಊರಲ್ಲಿ ಬ್ಯಾಟರಿ ಇಲ್ಲದ ಗ್ರಿಡ್ (ಬೀದಿಯ ವಿದ್ಯುತ್ ಜಾಲ) ಜೋಡಣೆ ಸಾಕು. ಹಗಲು ಮಿಕ್ಕಿದ್ದು ತಂತಿಗೆ ಹೋಗುತ್ತದೆ, ರಾತ್ರಿ ಅಲ್ಲಿಂದ ಬರುತ್ತದೆ. ಆದರೆ ಒಂದು ವಿಷಯ ಮೊದಲೇ ತಿಳಿದಿರಲಿ. ಬೀದಿಯ ಕರೆಂಟ್ ಹೋದರೆ ಈ ಸೋಲಾರ್ ಕೂಡ ನಿಲ್ಲುತ್ತದೆ, ಎಷ್ಟೇ ಬಿಸಿಲಿದ್ದರೂ. ತಂತಿ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಶಾಕ್ ಹೊಡೆಯಬಾರದು ಎಂದು ಇನ್ವರ್ಟರ್ ತಾನಾಗಿ ಬಂದ್ ಆಗುತ್ತದೆ. ಅದು ಇರಲೇಬೇಕಾದ ರಕ್ಷಣೆ. ಕರೆಂಟ್ ಹೋದಾಗಲೂ ಬೇಕು ಎಂದರೆ ಬ್ಯಾಟರಿಯಿರುವ ಹೈಬ್ರಿಡ್ ಇನ್ವರ್ಟರ್ ಬೇಕು.

ಬ್ಯಾಟರಿಯ ಲೆಕ್ಕ ಹೀಗೆ. ರಾತ್ರಿಗೆ 3 ಯುನಿಟ್ ಬೇಕು ಎಂದುಕೊಳ್ಳಿ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯನ್ನು 90 ಶೇಕಡಾವರೆಗೆ ಖಾಲಿ ಮಾಡಬಹುದು. ಇನ್ವರ್ಟರ್ ನಷ್ಟ ಸೇರಿಸಿದರೆ 3.7 ಯುನಿಟ್‌ನಷ್ಟು ದೊಡ್ಡ ಬ್ಯಾಟರಿ ಸಾಕು. ಲೆಡ್ ಆಸಿಡ್ ಆದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಿದರೆ ಬೇಗ ಹಾಳಾಗುತ್ತದೆ. ಅದೇ 3 ಯುನಿಟ್‌ಗೆ 7 ಯುನಿಟ್‌ನಷ್ಟು ಬೇಕಾಗುತ್ತದೆ. ಕೊಳ್ಳುವಾಗ ಅಗ್ಗ ಕಂಡದ್ದು ಇಲ್ಲಿ ತಲೆಕೆಳಗಾಗಬಹುದು. ಮತ್ತೆ, ಪಂಪು, ವಾಷಿಂಗ್ ಮೆಷಿನ್, ಇಸ್ತ್ರಿಯನ್ನೆಲ್ಲ ಹಗಲಿಗೆ ತಂದುಕೊಂಡರೆ ಬ್ಯಾಟರಿ ಇನ್ನೂ ಚಿಕ್ಕದಾಗುತ್ತದೆ.

ಹೆಜ್ಜೆ 6: ವೈರಿಂಗ್, ಇಲ್ಲಿ ರಾಜಿ ಬೇಡ

ಪುಟ್ಟ ಪ್ಯಾನೆಲ್ ಜೊತೆ ಆಡಿದ ಧೈರ್ಯವನ್ನು ತಾರಸಿಗೆ ತೆಗೆದುಕೊಂಡು ಹೋಗಬೇಡಿ. ಮನೆಯ ಹತ್ತು ಪ್ಯಾನೆಲ್ ಸಾಲಾಗಿ ಜೋಡಿಸಿದರೆ 400 ವೋಲ್ಟ್ ದಾಟುತ್ತದೆ. ಅದು ಡಿಸಿ. ಎಸಿಯಲ್ಲಿ ಕರೆಂಟ್ ಸೆಕೆಂಡಿಗೆ ಹಲವು ಸಲ ಸೊನ್ನೆಗೆ ಬರುವುದರಿಂದ ಕಿಡಿ ನಂದುವುದು ಸುಲಭ. ಡಿಸಿ ಕಿಡಿ ಹಾಗೆ ನಂದುವುದಿಲ್ಲ, ಉರಿಯುತ್ತಲೇ ಇರುತ್ತದೆ. ಸಡಿಲವಾದ ಒಂದು ಕನೆಕ್ಟರ್ ಬೆಂಕಿಗೆ ಕಾರಣವಾಗಬಹುದು. ಬೆಳಕಿರುವವರೆಗೆ ಪ್ಯಾನೆಲನ್ನು ಆಫ್ ಮಾಡುವ ಸ್ವಿಚ್ ಎಂಬುದೇ ಇಲ್ಲ, ಇದನ್ನು ಮರೆಯಬಾರದು.

ಹಾಗಾಗಿ ಈ ಕೆಲಸ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ದು. ಆದರೆ ನೀವು ಪಕ್ಕದಲ್ಲಿ ನಿಂತು ನೋಡಬೇಕಾದದ್ದು ಇದೆ. ಕನೆಕ್ಟರ್‌ಗಳು ಎರಡು ಬದಿಯೂ ಒಂದೇ ಕಂಪನಿಯದ್ದಿರಲಿ. ಬೇರೆ ಬೇರೆಯದನ್ನು ಒತ್ತಿ ಸೇರಿಸಿದರೆ ಕೂತಂತೆ ಕಂಡರೂ ಒಳಗೆ ಸಡಿಲವಿರುತ್ತದೆ. ವೈರ್ ಬಿಸಿಲು ತಡೆಯುವ ಸೋಲಾರ್ ಡಿಸಿ ಕೇಬಲ್ ಆಗಿರಲಿ. ಪ್ಯಾನೆಲ್ ಸಾಲನ್ನು ಇನ್ವರ್ಟರ್‌ನಿಂದ ಬೇರ್ಪಡಿಸುವ ಸ್ವಿಚ್, ಅಂದರೆ ಡಿಸಿ ಐಸೊಲೇಟರ್, ಸುಲಭವಾಗಿ ಕೈಗೆ ಸಿಗುವ ಕಡೆ ಇರಲಿ. ಚೌಕಟ್ಟಿಗೆ ಅರ್ತಿಂಗ್, ಸಿಡಿಲಿನಿಂದ ಬರುವ ಏರಿಳಿತಕ್ಕೆ ಸರ್ಜ್ ಪ್ರೊಟೆಕ್ಟರ್ ಇರಲಿ. ಇನ್ನೊಂದು ಪ್ರಶ್ನೆ ತಪ್ಪದೆ ಕೇಳಿ: ‘ಅತಿ ಚಳಿಯ ಬೆಳಿಗ್ಗೆ ಈ ಸಾಲಿನ ವೋಲ್ಟೇಜ್ ಎಷ್ಟಕ್ಕೆ ಏರುತ್ತದೆ, ಇನ್ವರ್ಟರ್ ಅದನ್ನು ತಡೆಯುತ್ತದಾ?’ ತಣ್ಣಗಾದಷ್ಟೂ ವೋಲ್ಟೇಜ್ ಏರುವುದನ್ನು ನೀವೇ ಮೀಟರ್‌ನಲ್ಲಿ ನೋಡಿದ್ದೀರಿ. ಮಿತಿ ಮೀರಿದರೆ ಇನ್ವರ್ಟರ್ ಸುಡುತ್ತದೆ.

ಬಂದ್ ಮಾಡುವ ಕ್ರಮ ಮನೆಯವರಿಗೆಲ್ಲ ಗೊತ್ತಿರಲಿ: ಮೊದಲು ಎಸಿ ಸ್ವಿಚ್, ಆಮೇಲೆ ಡಿಸಿ ಐಸೊಲೇಟರ್. ಕರೆಂಟ್ ಹರಿಯುತ್ತಿರುವಾಗ ಕನೆಕ್ಟರ್ ಎಳೆದು ಬಿಡಿಸುವುದು ಬೇಡವೇ ಬೇಡ. ಈ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದು ಇನ್ವರ್ಟರ್ ಪಕ್ಕ ಅಂಟಿಸಿ.

ಹೆಜ್ಜೆ 7: ನೋಡಿಕೊಳ್ಳುವುದು

ತೊಳೆಯುವುದು ಬೆಳಗಿನ ಜಾವ ಅಥವಾ ಸಂಜೆ. ಕಾದ ಗಾಜಿಗೆ ತಣ್ಣೀರು ಬೇಡ. ಮೆತ್ತನೆ ಬಟ್ಟೆ ಅಥವಾ ಬ್ರಷ್, ಸಾದಾ ನೀರು. ಗಡಸು ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ, ಆದ್ದರಿಂದ ಮಳೆ ನೀರಿದ್ದರೆ ಇನ್ನೂ ಒಳ್ಳೆಯದು. ಪ್ಯಾನೆಲ್ ಮೇಲೆ ಕಾಲಿಡಬೇಡಿ. ಗಾಜು ಒಡೆಯದಿದ್ದರೂ ಒಳಗಿನ ಸೆಲ್‌ನಲ್ಲಿ ಕಣ್ಣಿಗೆ ಕಾಣದ ಬಿರುಕು ಬೀಳುತ್ತದೆ. ಎಲ್ಲ ಕಡೆ ಸಮನಾಗಿ ಕೂತ ತೆಳು ಧೂಳಿಗಿಂತ ಒಂದೇ ಸೆಲ್ ಮುಚ್ಚಿದ ಹಕ್ಕಿ ಹಿಕ್ಕೆ ಹೆಚ್ಚು ಕೆಟ್ಟದ್ದು. ಗಾಜು ಒಡೆದಿದ್ದರೆ ಅಥವಾ ವೈರ್ ಕಿತ್ತಿದ್ದರೆ ಒದ್ದೆ ಮಾಡಲೇಬೇಡಿ, ತಿಳಿದವರನ್ನು ಕರೆಯಿರಿ.

ಇನ್ವರ್ಟರ್‌ಗೆ ಪ್ಯಾನೆಲ್‌ನಷ್ಟು ಆಯಸ್ಸಿಲ್ಲ. 10–15 ವರ್ಷಕ್ಕೆ ಒಮ್ಮೆ ಬದಲಿಸಬೇಕಾಗುತ್ತದೆ, ಆ ಖರ್ಚನ್ನು ಮೊದಲೇ ಲೆಕ್ಕದಲ್ಲಿ ಇಡಿ. ಪ್ಯಾನೆಲ್‌ನ ಕಾಲ ಮುಗಿದ ಮೇಲೆ ಅದನ್ನು ಕಸಕ್ಕೆ ಎಸೆಯಬೇಡಿ. ತೂಕದಲ್ಲಿ ಬಹುಪಾಲು ಗಾಜು ಮತ್ತು ಅಲ್ಯೂಮಿನಿಯಂ, ಎರಡೂ ಮರುಬಳಕೆಗೆ ಬರುತ್ತವೆ. ಒಳಗೆ ಸ್ವಲ್ಪ ಬೆಳ್ಳಿ, ತಾಮ್ರವೂ ಇದೆ. ಬೆಸುಗೆಯಲ್ಲಿ ಸೀಸ ಇರಬಹುದಾದ್ದರಿಂದ ಇ–ತ್ಯಾಜ್ಯ ತೆಗೆದುಕೊಳ್ಳುವ ಕಡೆಗೇ ಕೊಡಬೇಕು.

ಪ್ರತಿ ತಿಂಗಳು ಎಷ್ಟು ಯುನಿಟ್ ಬಂತು ಎಂದು ಬರೆದಿಡಿ. ಈ ತಿಂಗಳನ್ನು ಹಿಂದಿನ ತಿಂಗಳ ಜೊತೆ ಹೋಲಿಸಬೇಡಿ, ಹಿಂದಿನ ವರ್ಷದ ಇದೇ ತಿಂಗಳ ಜೊತೆ ಹೋಲಿಸಿ. ಹವೆ ಹೆಚ್ಚುಕಡಿಮೆ ಒಂದೇ ಥರ ಇದ್ದೂ ಹತ್ತು ಶೇಕಡಾಕ್ಕಿಂತ ಜಾಸ್ತಿ ಇಳಿದಿದ್ದರೆ ಮೊದಲು ಧೂಳು ಮತ್ತು ಹಿಕ್ಕೆ ನೋಡಿ. ಆಮೇಲೆ ಹೊಸದಾಗಿ ಬಂದ ನೆರಳು, ಬೆಳೆದ ಕೊಂಬೆ. ಆಮೇಲೆ ಇನ್ವರ್ಟರ್ ಪರದೆಯಲ್ಲಿ ಏನಾದರೂ ದೋಷದ ಸೂಚನೆ ಇದೆಯಾ, ಪ್ರತಿ ಸಾಲಿನ ಆಂಪಿಯರ್ ಒಂದೇ ಸಮ ಇದೆಯಾ ಎಂದು ನೋಡಿ. ಒಂದು ಸಾಲಿನಲ್ಲಿ ಮಾತ್ರ ಆಂಪಿಯರ್ ಕಡಿಮೆಯಿದ್ದರೆ ಆ ಸಾಲಿನ ಅಂಕಿಗಳನ್ನು ಬರೆದುಕೊಂಡು ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಏನು ಹುಡುಕಬೇಕು ಎಂದು ಅವರಿಗೆ ಮೊದಲೇ ಗೊತ್ತಾಗಿ ಕೆಲಸ ಬೇಗ ಮುಗಿಯುತ್ತದೆ.